ಕೊನೆಯ ಹತ್ತು ಮೀಟರ್: ಆಫೀಸ್ ಮುಗಿಸಿ ಡಬ್ಬಿ ಹುಡುಕೋ ಆಟ, ಜಿಯೋಕ್ಯಾಶಿಂಗ್

[ಪಾರ್ಕ್ ಬೆಂಚಿನ ಕಾಲು, ತೀರಾ ಹತ್ತಿರದಿಂದ. ಮಾತು ಶುರುವಾಗೋಕೆ ಮೊದಲು ಐದು ಸೆಕೆಂಡ್ ಹಾಗೇ ಬಿಡೋದು]

ಈ ಬೆಂಚಿನ ಕಾಲಿಗೆ ನಾಲ್ಕು ಬೋಲ್ಟ್ ಇವೆ. ಮೂರು ಬೆಂಚನ್ನ ಹಿಡ್ಕೊಂಡಿವೆ. ನಾಲ್ಕನೇದು ಏನನ್ನೂ ಹಿಡ್ಕೊಂಡಿಲ್ಲ. ಹಿಂದೆ ಮ್ಯಾಗ್ನೆಟ್ ಇರೋ ಟೊಳ್ಳು ಬೋಲ್ಟ್ ಅದು. ಎಳೆದ್ರೆ ಕೈಗೆ ಬರುತ್ತೆ, ತಿರುಗಿಸಿದ್ರೆ ಒಳಗಿಂದ ಬೀಡಿಗಿಂತ ಸಣ್ಣ ಕಾಗದದ ಸುರುಳಿ. ಅದರ ತುಂಬ ಹೆಸರು, ತಾರೀಕು.

[ಕಾಗದ ಬಿಚ್ಚೋ ಕೈ]

ನಮಸ್ಕಾರ. ಇದಕ್ಕೆ ಜಿಯೋಕ್ಯಾಶಿಂಗ್ ಅಂತಾರೆ. ಯಾರೋ ಒಬ್ಬರು ಒಂದು ಡಬ್ಬಿ ಬಚ್ಚಿಡ್ತಾರೆ, ಆ ಜಾಗದ ಅಕ್ಷಾಂಶ ರೇಖಾಂಶ ಬರೆದು ಹಾಕ್ತಾರೆ. ಉಳಿದವರು ಫೋನ್ ಹಿಡ್ಕೊಂಡು ಹುಡುಕ್ತಾರೆ. ಸಿಕ್ಕಿದ್ರೆ ಒಳಗಿರೋ ಕಾಗದದಲ್ಲಿ ಹೆಸರು ಬರೆದು, ಡಬ್ಬಿಯನ್ನ ಎಲ್ಲಿತ್ತೋ ಅಲ್ಲೇ ಇಟ್ಟು ಬರ್ತಾರೆ. ಅಷ್ಟೇ ಆಟ. ಬಹುಮಾನ ಇಲ್ಲ. ಜಗತ್ತಿನಲ್ಲಿ ಇಂಥ ಡಬ್ಬಿಗಳು 30 ಲಕ್ಷಕ್ಕೂ ಹೆಚ್ಚಿವೆ, ಅಂಟಾರ್ಕ್ಟಿಕಾದಲ್ಲೂ ಇವೆ. ಅತಿ ಹೆಚ್ಚು ಇರೋದು ಅಮೆರಿಕದಲ್ಲಿ, ಆಮೇಲೆ ಜರ್ಮನಿ. ಹಾಗಾಗಿ ಈ ವಿಡಿಯೋ ಮುಖ್ಯವಾಗಿ ಈ ಕಡೆ ಕೆಲಸಕ್ಕೆ, ಓದೋಕೆ ಬಂದಿರೋ ಕನ್ನಡದವರಿಗೆ. ಊರಲ್ಲಿರೋರಿಗೆ ಕೊನೆ ಕಡೆ ಒಂದಿಷ್ಟು ಹೇಳ್ತೀನಿ.

ಈ ಆಟಕ್ಕೆ ಹುಟ್ಟಿದ ದಿನ ಅಂತ ಒಂದಿದೆ. ಜಿ.ಪಿ.ಎಸ್. ಉಪಗ್ರಹಗಳು ಅಮೆರಿಕದ ಸೇನೆಯವು. ಸಾಮಾನ್ಯ ಜನರ ಯಂತ್ರಗಳಿಗೆ ಬರೋ ಸಂಕೇತದಲ್ಲಿ ಅವರು ಬೇಕಂತಲೇ ತಪ್ಪು ಬೆರೆಸ್ತಾ ಇದ್ರು. ನೀವು ಇಲ್ಲಿದ್ರೆ ಯಂತ್ರ ನೂರು ಮೀಟರ್ ಆಚೆ ತೋರಿಸೋದು. ಹೀಗಾದ್ರೆ ಹಡಗಿಗೆ ಸಾಕು, ಡಬ್ಬಿ ಹುಡುಕೋಕೆ ಸಾಲದು. 2000ನೇ ಇಸವಿ ಮೇ 1ರ ಮಧ್ಯರಾತ್ರಿ, ಅಧ್ಯಕ್ಷ ಕ್ಲಿಂಟನ್ ಆದೇಶದ ಮೇಲೆ, ಆ ಬೆರಕೆ ನಿಲ್ತು. ಲೋಕದ ಎಲ್ಲ ಜಿ.ಪಿ.ಎಸ್. ಯಂತ್ರಗಳೂ ಒಂದೇ ಏಟಿಗೆ ಸುಮಾರು ಹತ್ತು ಪಟ್ಟು ನಿಖರ ಆದವು.

[ನಕ್ಷೆ: ಒರೆಗಾನ್ ರಾಜ್ಯ, ಪೋರ್ಟ್‌ಲ್ಯಾಂಡ್ ಪಕ್ಕದ ಬೀವರ್‌ಕ್ರೀಕ್]

ಮೇ 3ನೇ ತಾರೀಕೇ ಡೇವ್ ಅಲ್ಮರ್ ಅನ್ನೋರು ಬೀವರ್‌ಕ್ರೀಕ್ ಹತ್ತಿರ ರಸ್ತೆ ಬದಿಯ ಕಾಡಲ್ಲಿ ಒಂದು ಬಕೆಟ್ ಇಟ್ರು. ಒಳಗೆ ಪುಸ್ತಕ, ಸಾಫ್ಟ್‌ವೇರ್, ಸ್ವಲ್ಪ ದುಡ್ಡು, ಒಂದು ಕವಣೆ, ಒಂದು ಡಬ್ಬ ಬೀನ್ಸ್. ಜಾಗದ ಲೆಕ್ಕವನ್ನ ಇಂಟರ್ನೆಟ್‌ನಲ್ಲಿ ಹಾಕಿದ್ರು. ಒಂದಿಷ್ಟು ತಗೊಳ್ಳಿ, ಒಂದಿಷ್ಟು ಇಡಿ, ಪುಸ್ತಕದಲ್ಲಿ ಬರೀರಿ, ಇದೇ ಅವರ ನಿಯಮ. ಕೆಲವೇ ದಿನದಲ್ಲಿ ಮೈಕ್ ಟೀಗ್ ಅನ್ನೋರು ಹುಡುಕೇಬಿಟ್ರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜೆರೆಮಿ ಐರಿಷ್ ಅನ್ನೋರು ಇದಕ್ಕೆ ಜಿಯೋಕ್ಯಾಶಿಂಗ್ ಡಾಟ್ ಕಾಮ್ ಅಂತ ಒಂದು ವೆಬ್‌ಸೈಟ್ ಶುರು ಮಾಡಿದ್ರು. ಈಗಲೂ ಆಟ ನಡೀತಿರೋದು ಹೆಚ್ಚಾಗಿ ಅದರ ಮೇಲೇನೇ, ಅವರ ಮುಖ್ಯ ಕಚೇರಿ ಇರೋದು ಸಿಯಾಟಲ್ ನಗರದ ಫ್ರೀಮಾಂಟ್ ಬಡಾವಣೆಯಲ್ಲಿ. ಒಂದು ತಮಾಷೆ: ಆ ಮೊದಲ ಬಕೆಟ್ಟನ್ನ ಅರ್ಧ ಹೂತಿಟ್ಟಿದ್ರು. ಈಗ ಜಾಗದ ಮಾಲೀಕರ ಒಪ್ಪಿಗೆ ಇಲ್ಲದೆ ನೆಲ ಅಗೆದು ಹೂಳೋ ಹಾಗಿಲ್ಲ, ತಿನ್ನೋ ಪದಾರ್ಥ ಇಡೋದಂತೂ ನಿಷಿದ್ಧ. ಇವತ್ತಿನ ನಿಯಮದಲ್ಲಿ ಆ ಬಕೆಟ್ ಪಾಸ್ ಆಗ್ತಾನೇ ಇರ್ಲಿಲ್ಲ.

[ಪರದೆ ಮೇಲೆ ದೊಡ್ಡದಾಗಿ: ಉತ್ತರ 45 ಡಿಗ್ರಿ 17.460 ನಿಮಿಷ, ಪಶ್ಚಿಮ 122 ಡಿಗ್ರಿ 24.800 ನಿಮಿಷ]

ಆ ಬಕೆಟ್ ಇದ್ದ ಜಾಗ ಇದು, ಈಗ ಅಲ್ಲೊಂದು ಸ್ಮಾರಕ ಫಲಕ ಇದೆ. ಈ ಅಂಕಿ ಓದೋದನ್ನ ಒಂದ್ಸಲ ಕಲ್ತುಬಿಡಿ. ಉತ್ತರದ ಅಂಕಿಯಲ್ಲಿ ಕಟ್ಟಕಡೆಯ ಸ್ಥಾನ ಒಂದು ಹೆಚ್ಚಾದ್ರೆ, ಅಂದ್ರೆ 460 ಹೋಗಿ 461 ಆದ್ರೆ, ನೀವು ಉತ್ತರಕ್ಕೆ ಸುಮಾರು 1.85 ಮೀಟರ್ ಸರಿದಿದ್ದೀರಿ. ಒಂದು ಗಂಡಾಳಿನ ಉದ್ದ. ಪಶ್ಚಿಮದ ಅಂಕಿಯಲ್ಲಿ ಅದೇ ಒಂದು, ಒರೆಗಾನ್‌ನಲ್ಲಿ ಬರೀ 1.3 ಮೀಟರ್, ಯಾಕಂದ್ರೆ ಧ್ರುವದ ಕಡೆ ಹೋಗ್ತಾ ಹೋಗ್ತಾ ರೇಖಾಂಶಗಳು ಒಂದಕ್ಕೊಂದು ಹತ್ತಿರ ಆಗ್ತವೆ. ಹಾಗಾಗಿ ಒಂದು ಅಂಕಿ ತಪ್ಪು ಟೈಪ್ ಮಾಡಿದ್ರೆ ಪಕ್ಕದ ಪೊದೆಗೆ ಹೋಗ್ತೀರೋ ಪಕ್ಕದ ಊರಿಗೆ ಹೋಗ್ತೀರೋ ಅನ್ನೋದು ಅದು ಎಷ್ಟನೇ ಅಂಕಿ ಅನ್ನೋದರ ಮೇಲಿದೆ.

ಈಗ ಅಸಲು ವಿಷಯ.

[ಫೋನ್ ಪರದೆ: ಬಾಣದ ಗುರುತು, 40 ಮೀಟರ್, 25, 12, 6, 14, 9]

ನೋಡಿ, ದೂರ ಕಮ್ಮಿ ಆಗ್ತಾ ಬಂದು ಆರಕ್ಕೆ ಇಳೀತು, ಮತ್ತೆ ಹದಿನಾಲ್ಕಕ್ಕೆ ಹಾರ್ತು. ನಾನು ನಿಂತಲ್ಲೇ ನಿಂತಿದ್ದೀನಿ. ತೆರೆದ ಆಕಾಶ ಇದ್ರೆ ಫೋನ್ ಸುಮಾರು ಐದು ಮೀಟರ್ ಒಳಗೆ ಸರಿಯಾಗಿ ಹೇಳುತ್ತೆ. ಮರದ ಕೆಳಗೆ, ದೊಡ್ಡ ಕಟ್ಟಡಗಳ ಮಧ್ಯೆ ಸಂಕೇತ ಗೋಡೆಗೆ ಬಡಿದು ಬರೋದರಿಂದ ತಪ್ಪು ಹೆಚ್ಚು. ಬಚ್ಚಿಟ್ಟವರ ಫೋನಿಗೂ ಅದೇ ಗತಿ ಆಗಿರುತ್ತೆ. ಅವರ ತಪ್ಪು, ನಿಮ್ಮ ತಪ್ಪು ಕೂಡಿಸಿ ನೋಡಿ. ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿರೋ ಉಪಗ್ರಹಗಳು ನಿಮ್ಮನ್ನ ಇಲ್ಲಿವರೆಗೆ ತಂದು ಬಿಟ್ಟು ಕೈ ತೊಳ್ಕೊಂಡವು. ಉಳಿದ ಹತ್ತು ಮೀಟರ್ ನಿಮ್ಮದು. ನನ್ನ ಲೆಕ್ಕದಲ್ಲಿ ಆಟ ಶುರುವಾಗೋದೇ ಇಲ್ಲಿ. ದಿನವಿಡೀ ಪರದೆ ನೋಡೋರಿಗೆ ಇದು ಹೇಳಿ ಮಾಡಿಸಿದ ಹವ್ಯಾಸ ಅಂತ ನಾನನ್ನೋದೂ ಇದಕ್ಕೇ. ಈ ಜಾಗದಲ್ಲಿ ಪರದೆ ನೋಡಿದಷ್ಟೂ ಡಬ್ಬಿ ಸಿಗಲ್ಲ.

ಮೊದಲ ಕೆಲಸ, ಫೋನ್ ಜೇಬಿಗೆ ಹಾಕಿ. ಬಾಣ ತಿರುಗಿದ ಕಡೆಗೆಲ್ಲ ತಿರುಗ್ತಾ ಹೋಗೋರು ಹುಲ್ಲು ತುಳಿದು ಹಾಳು ಮಾಡ್ತಾರೆಯೇ ಹೊರತು ಏನೂ ಹುಡುಕಲ್ಲ. ನಿಂತು ಕೇಳ್ಕೊಳ್ಳಿ: ನಾನಾಗಿದ್ರೆ ಎಲ್ಲಿ ಇಡ್ತಿದ್ದೆ? ಮಳೆ ನೀರು ಬೀಳಬಾರದು, ದಾರಿಹೋಕರ ಕಣ್ಣಿಗೆ ಬೀಳಬಾರದು, ಕೈ ಹಾಕಿದ್ರೆ ಸಿಗಬೇಕು. ಈ ಮೂರೂ ಕೂಡೋ ಜಾಗ ಹತ್ತು ಮೀಟರ್‌ನಲ್ಲಿ ಬಹಳ ಇರಲ್ಲ.

ಆಮೇಲೆ ಸಹಜವಲ್ಲದ್ದನ್ನ ಹುಡುಕಿ. ಕಾಡಲ್ಲಿ ಕಡ್ಡಿ ಬೀಳೋದು ಅಡ್ಡಾದಿಡ್ಡಿ. ಮರದ ಬುಡದಲ್ಲಿ ಕಡ್ಡಿಗಳು ಅಕ್ಕಪಕ್ಕ ಜೋಡಿಸಿದ ಹಾಗೆ ಬಿದ್ದಿದ್ರೆ ಅದು ಗಾಳಿಯ ಕೆಲಸ ಅಲ್ಲ. ಒಂದು ಕಲ್ಲಿನ ಮೇಲೆ ಪಾಚಿ ಇಲ್ಲ, ಸುತ್ತಲಿನ ಎಲ್ಲದಕ್ಕೂ ಇದೆ ಅಂದ್ರೆ ಆ ಕಲ್ಲನ್ನ ಯಾರೋ ಆಗಾಗ ಎತ್ತುತ್ತಾರೆ. ಪೇಟೆಯಲ್ಲಾದ್ರೆ ರಸ್ತೆ ಬದಿಯ ಲೋಹದ ತಡೆಬೇಲಿಯ ಹಿಂಬದಿ. ಅಮೆರಿಕದಲ್ಲಿ ಇನ್ನೊಂದು ಮಾಮೂಲಿ ಜಾಗ ಇದೆ, ಅಂಗಡಿಗಳ ಪಾರ್ಕಿಂಗ್‌ನಲ್ಲಿರೋ ದೀಪದ ಕಂಬ. ಕಂಬದ ಬುಡಕ್ಕೊಂದು ಲೋಹದ ಹೊದಿಕೆ ಇರುತ್ತೆ. ಎಷ್ಟೋ ಕಂಬಗಳಲ್ಲಿ ಅದು ಸುಮ್ಮನೆ ಕೂತಿರೋದು, ಮೇಲಕ್ಕೆ ಎತ್ತಿದ್ರೆ ಕೆಳಗೆ ಡಬ್ಬಿ. ಮೊದಲ ಸಲ ಖುಷಿಯಾಗುತ್ತೆ, ಆಮೇಲಾಮೇಲೆ ಬೇಜಾರು. ಬಚ್ಚಿಡೋದರಲ್ಲಿ ಸೋಮಾರಿತನಕ್ಕೆ ಪ್ರಶಸ್ತಿ ಇದ್ರೆ ದೀಪದ ಕಂಬದವರಿಗೆ ಕೊಡಬೇಕು.

ಜೊತೆಗೊಂದು ಪೆನ್ ಇರಲೇಬೇಕು. ಸಣ್ಣ ಡಬ್ಬಿಯಲ್ಲಿ ಪೆನ್ ಹಿಡಿಯಲ್ಲ. ಹೆಸರು ಬರೆಯದೆ ಸಿಕ್ತು ಅನ್ನೋದನ್ನ ಯಾರೂ ಒಪ್ಪಲ್ಲ. ಸುರುಳಿ ಹೊರಗೆಳೆಯೋಕೆ ಹುಬ್ಬು ಕೀಳೋ ಚಿಮಟವೂ ಇದ್ರೆ ಒಳ್ಳೇದು.

[ಡಬ್ಬಿಗಳ ಸಾಲು: ಬೆರಳ ತುದಿಯಷ್ಟರದು, ಫಿಲಂ ರೋಲ್ ಡಬ್ಬಿ, ಊಟದ ಡಬ್ಬಿ, ಹಸಿರು ಲೋಹದ ಪೆಟ್ಟಿಗೆ]

ಆ ಹಸಿರು ಪೆಟ್ಟಿಗೆ ಅಮೆರಿಕದ ಸೇನೆಯ ಹಳೇ ಗುಂಡಿನ ಪೆಟ್ಟಿಗೆ. ಮುಚ್ಚಳಕ್ಕೆ ರಬ್ಬರ್ ಇರೋದರಿಂದ ಇಲ್ಲಿ ಸಿಯಾಟಲ್‌ನ ಮಳೆಗೂ ಜಗ್ಗಲ್ಲ. ದೊಡ್ಡ ಡಬ್ಬಿಯಲ್ಲಿ ಆಟಿಕೆ, ಸ್ಟಿಕ್ಕರ್, ಬೇರೆ ದೇಶದ ಚಿಲ್ಲರೆ ಇರ್ತವೆ. ಒಂದು ತಗೊಂಡ್ರೆ ಅದಕ್ಕೆ ಸಮನಾದ್ದೋ ಮೇಲಾದ್ದೋ ಇಡಬೇಕು. ಮಕ್ಕಳನ್ನ ಕರ್ಕೊಂಡು ಹೋಗೋರು ಈ ಗಾತ್ರದ್ದನ್ನೇ ಆರಿಸ್ಕೊಳ್ಳಿ. ನಂಬರ್ ಇರೋ ಲೋಹದ ಬಿಲ್ಲೆ ಸಿಕ್ಕಿದ್ರೆ ಮಾತ್ರ ಅದನ್ನ ಇಟ್ಕೊಳ್ಳೋಹಾಗಿಲ್ಲ. ಅದು ಪ್ರಯಾಣಿಕ, ಮುಂದಿನ ಡಬ್ಬಿಗೆ ಸಾಗಿಸಬೇಕು. ಈ ಜಾತಿಯ ಒಂದು ನಂಬರ್ 2021ರಲ್ಲಿ ನಾಸಾದ ಪರ್ಸಿವಿಯರೆನ್ಸ್ ರೋವರ್ ಜೊತೆ ಮಂಗಳ ಗ್ರಹಕ್ಕೂ ಇಳಿದಿದೆ. ಅದನ್ನ ಮುಂದಕ್ಕೆ ಸಾಗಿಸೋರು ಸದ್ಯಕ್ಕೆ ಯಾರೂ ಇಲ್ಲ.

ಆಫೀಸ್ ಮುಗಿಸಿ ಹೋಗೋರಿಗೆ ಬೇಕಾದ್ದು ಎರಡು ಅಂಕಿ. ಪ್ರತಿ ಡಬ್ಬಿಗೂ ಹುಡುಕೋ ಕಷ್ಟ, ದಾರಿಯ ಕಷ್ಟ ಅಂತ ಬೇರೆ ಬೇರೆ ಒಂದರಿಂದ ಐದರವರೆಗೆ ಅಂಕ ಕೊಟ್ಟಿರ್ತಾರೆ. ಶುರು ಮಾಡೋವಾಗ ಎರಡೂ ಒಂದೂವರೆ ಒಳಗೆ ಇರಲಿ. ದಾರಿಯ ಕಷ್ಟ ಐದು ಅಂದ್ರೆ ದೋಣಿಯೋ ಹಗ್ಗವೋ ಬೇಕು ಅಂತ ಅರ್ಥ, ಇಸ್ತ್ರಿ ಪ್ಯಾಂಟ್ ಹಾಕ್ಕೊಂಡು ಹೋಗೋದಲ್ಲ. ಆಗ ಹೇಳಿದ ವೆಬ್‌ಸೈಟಿನದೇ ಆ್ಯಪ್‌ನಲ್ಲಿ ಉಚಿತ ಖಾತೆ ಸಾಕು. ಎಲ್ಲ ಡಬ್ಬಿಗಳೂ ಕಾಣಲ್ಲ, ಆದರೆ ಸುಲಭದ್ದು ಕಾಣ್ತವೆ, ನಮಗೆ ಬೇಕಾದ್ದೂ ಅವೇ.

ಇನ್ನು ಒಗಟಿನ ಡಬ್ಬಿ ಅಂತ ಒಂದು ಬಗೆ ಇದೆ. ನಕ್ಷೆಯಲ್ಲಿ ತೋರಿಸೋ ಜಾಗ ಸುಳ್ಳು. ಒಗಟು ಬಿಡಿಸಿದ್ರೆ ನಿಜವಾದ ಜಾಗ, ಸಾಮಾನ್ಯವಾಗಿ ಮೂರು ಕಿಲೋಮೀಟರ್ ಆಸುಪಾಸಿನಲ್ಲಿ. ಇದು ವಾರದ ದಿನಗಳಿಗೆ ಚೆನ್ನ. ಮಂಗಳವಾರ ಊಟದ ಹೊತ್ತಲ್ಲಿ ತಲೆ ಕೆಡಿಸ್ಕೊಳ್ಳಿ, ಶನಿವಾರ ಹೋಗಿ ತೆಗೀರಿ.

ಸಿಯಾಟಲ್‌ನಲ್ಲಿ ಜೂನ್ ತಿಂಗಳು ಸೂರ್ಯ ಮುಳುಗೋದು ರಾತ್ರಿ ಒಂಬತ್ತು ದಾಟಿದ ಮೇಲೆ. ಐದಕ್ಕೆ ಲ್ಯಾಪ್‌ಟಾಪ್ ಮುಚ್ಚಿದ್ರೂ ನಾಲ್ಕು ಗಂಟೆ ಬೆಳಕು. ಡಿಸೆಂಬರ್‌ನಲ್ಲಿ ನಾಲ್ಕೂ ಇಪ್ಪತ್ತಕ್ಕೇ ಮುಳುಗಿಬಿಡುತ್ತೆ. ಆಗ ಏನು ಮಾಡೋದು?

[ಕತ್ತಲ ಕಾಡು. ಟಾರ್ಚ್ ಬೆಳಕು ಬಿದ್ದಾಗ ಮರದಲ್ಲಿ ಮಿಂಚೋ ಚುಕ್ಕೆ]

ಅದಕ್ಕೇ ಅಂತ ರಾತ್ರಿ ಹುಡುಕೋ ಡಬ್ಬಿಗಳಿವೆ. ಮರಗಳಿಗೆ ಬೆಳಕು ಹಿಮ್ಮುಖ ಎಸೆಯೋ ಪುಟ್ಟ ಪಿನ್ ಚುಚ್ಚಿರ್ತಾರೆ. ಹಗಲಲ್ಲಿ ಕಾಣೋದೇ ಇಲ್ಲ. ಟಾರ್ಚ್ ಬಿಟ್ರೆ ಒಂದಾದ ಮೇಲೊಂದು ಚುಕ್ಕೆ ಹೊಳೆದು ದಾರಿ ತೋರಿಸ್ತವೆ. ಇಂಥದ್ದಕ್ಕೆ ಒಬ್ಬರೇ ಹೋಗ್ಬೇಡಿ. ಪಾರ್ಕ್ ಮುಚ್ಚೋ ಸಮಯ ಮೊದಲೇ ನೋಡ್ಕೊಳ್ಳಿ.

ವಾರಾಂತ್ಯ ಪೂರ್ತಿ ಕೈಯಲ್ಲಿದ್ರೆ ಸ್ನೋಕ್ವಾಲ್ಮಿ ಸುರಂಗ. ಸಿಯಾಟಲ್‌ನಿಂದ ಕಾರಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ಹಳೇ ರೈಲು ಸುರಂಗ, ಹಳಿ ಕಿತ್ತು ನಡೆಯೋ ದಾರಿ ಮಾಡಿದ್ದಾರೆ. ಉದ್ದ ಸುಮಾರು 3.6 ಕಿಲೋಮೀಟರ್, ಒಳಗೆ ದೀಪ ಇಲ್ಲ, ಬೇಸಿಗೆಯಲ್ಲೂ ಚಳಿ, ಮೇಲಿಂದ ನೀರು ತೊಟ್ಟಿಕ್ಕುತ್ತೆ. 2001ರಲ್ಲಿ ಒಂದು ಹಾಲಿವುಡ್ ಚಿತ್ರದ ಪ್ರಚಾರಕ್ಕೆ ಅಂತ ಬಚ್ಚಿಟ್ಟ ಪೆಟ್ಟಿಗೆಗಳಲ್ಲಿ ಒಂದು ಇರೋದು ಇಲ್ಲೇ, ಹಾಗಾಗಿ ಬೇರೆ ಬೇರೆ ದೇಶದಿಂದ ಇದಕ್ಕೋಸ್ಕರವೇ ಬರೋರಿದ್ದಾರೆ. ಸುರಂಗದ ಬಾಗಿಲನ್ನ ಚಳಿಗಾಲದಲ್ಲಿ ಮುಚ್ಚಿರ್ತಾರೆ. ಜಾಕೆಟ್, ಎರಡು ಟಾರ್ಚ್ ಮರೀಬೇಡಿ. ಎರಡು ಯಾಕೆ ಅಂತ ಒಂದು ಕೆಟ್ಟಾಗ ಗೊತ್ತಾಗುತ್ತೆ.

ಒಂದು ಎಚ್ಚರಿಕೆಯ ಮಾತು. ಪೊದೆಯಲ್ಲಿ ಬಗ್ಗಿ ಏನೋ ಹುಡುಕೋರನ್ನ ನೋಡಿದ್ರೆ ಜನಕ್ಕೆ ಅನುಮಾನ ಬರೋದು ಸಹಜ. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಊರಲ್ಲಿ ಹೀಗೇ ಇಟ್ಟಿದ್ದ ಡಬ್ಬಿಯನ್ನ ಬಾಂಬ್ ಅಂದ್ಕೊಂಡು, ರಸ್ತೆ ಖಾಲಿ ಮಾಡಿಸಿ, ಸೇನೆಯವರನ್ನ ಕರೆಸಿ ಸ್ಫೋಟಿಸಿದ್ರು. ಪೊಲೀಸ್ ಬಂದು ಕೇಳಿದ್ರೆ ಕಥೆ ಕಟ್ಬೇಡಿ, ಆ್ಯಪ್ ತೆಗೆದು ತೋರಿಸಿ. ನಮ್ಮ ಮೈಬಣ್ಣಕ್ಕೆ ಅನುಮಾನ ಒಂದು ಹಿಡಿ ಜಾಸ್ತಿ ಬರಬಹುದು ಅನ್ನೋದೂ ನಿಜ. ಹಾಗಾಗಿ ಶಾಲೆ ಪಕ್ಕ, ಯಾರದ್ದೋ ಮನೆ ಮುಂದೆ ಡಬ್ಬಿ ಇದೆ ಅಂತ ಆ್ಯಪ್ ಹೇಳಿದ್ರೆ ನಾನಂತೂ ಬಿಟ್ಟು ಮುಂದೆ ಹೋಗ್ತೀನಿ. ಪೊದೆಗೆ ಕೈ ಹಾಕೋ ಮೊದಲು ಎಲೆ ನೋಡಿ. ಅಮೆರಿಕದ ಪಶ್ಚಿಮ ಕರಾವಳಿಯ ಪಾಯ್ಸನ್ ಓಕ್ ಗಿಡಕ್ಕೆ ಮೂರು ಮೂರು ಎಲೆ, ಸೋಕಿದ್ರೆ ವಾರಗಟ್ಟಲೆ ತುರಿಕೆ. ಜರ್ಮನಿಯವರಿಗೆ ರಕ್ತ ಹೀರೋ ಉಣ್ಣೆ ಹುಳುವಿನ ಕಾಟ. ಪ್ಯಾಂಟನ್ನ ಸಾಕ್ಸ್ ಒಳಗೆ ಸೇರಿಸಿ.

ಈಗ ಊರಿನ ವಿಷಯ. ಭಾರತದಲ್ಲೂ ಡಬ್ಬಿಗಳಿವೆ, ಆದ್ರೆ ತೀರಾ ವಿರಳ. ರಜೆಗೆ ಬಂದಾಗ ಒಂದು ಬಚ್ಚಿಟ್ಟು ಹೋಗೋಣ ಅಂದ್ಕೊಳ್ತೀರಾ? ಆಗಲ್ಲ. ಡಬ್ಬಿ ಒದ್ದೆಯಾದ್ರೆ, ಕಳೆದ್ರೆ ನೋಡ್ಕೊಳ್ಳೋಕೆ ಇಟ್ಟವರು ಹತ್ತಿರದಲ್ಲಿರಬೇಕು, ಇಲ್ಲಾಂದ್ರೆ ವೆಬ್‌ಸೈಟಿನ ಪರಿಶೀಲಕರು ಒಪ್ಪಲ್ಲ. ಜಾಗದ ಮಾಲೀಕರ ಒಪ್ಪಿಗೆ ಬೇಕು. ಇನ್ನೊಂದು ಡಬ್ಬಿಯಿಂದ 161 ಮೀಟರ್ ದೂರ ಇರಬೇಕು. ಹಂಪಿಯಂಥ ಸಂರಕ್ಷಿತ ಸ್ಮಾರಕದ ಕಲ್ಲುಸಂದಿಯಲ್ಲಿ ಇಡೋ ಯೋಚನೆಯನ್ನಂತೂ ಬಿಟ್ಟೇಬಿಡಿ. ನನ್ನನ್ನ ಕೇಳಿದ್ರೆ ನಮ್ಮ ಕಡೆಗೆ ಹೊಂದೋದು ಡಬ್ಬಿಯೇ ಇಲ್ಲದ ಬಗೆ, ಅರ್ಥ್‌ಕ್ಯಾಶ್. ಭೂವಿಜ್ಞಾನದ ಪಾಠ ಹೇಳೋ ಜಾಗಕ್ಕೆ ಹೋಗಿ, ಕಣ್ಣಾರೆ ನೋಡಿ, ಕೇಳಿದ ಪ್ರಶ್ನೆಗೆ ಉತ್ತರ ಕಳಿಸಬೇಕು. ಇಡೋದೂ ಇಲ್ಲ, ಕದಿಯೋಕೂ ಏನಿಲ್ಲ. ಲಾಲ್‌ಬಾಗ್ ಬಂಡೆ 300 ಕೋಟಿ ವರ್ಷದ ಹಿಂದಿನದು. ಮಲ್ಪೆ ಆಚೆಯ ಸೇಂಟ್ ಮೇರಿ ದ್ವೀಪದಲ್ಲಿ ಲಾವಾ ತಣ್ಣಗಾಗಿ ಕಂಬ ಕಂಬವಾಗಿ ನಿಂತಿದೆ. ಎರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಇಂಥ ಆಟಕ್ಕೆ ಇದಕ್ಕಿಂತ ಜಾಗ ಬೇಕಾ? ಇನ್ನೊಂದು, ಇಲ್ಲಿ ಬೆಟ್ಟಕ್ಕೆ ಒಯ್ಯೋ, ಉಪಗ್ರಹದ ಮೂಲಕ ಸಂದೇಶ ಕಳಿಸೋ ಸ್ಯಾಟಲೈಟ್ ಮೆಸೆಂಜರ್ ಯಂತ್ರವನ್ನ ಊರಿಗೆ ಹೋಗೋವಾಗ ಮನೆಯಲ್ಲೇ ಬಿಡಿ. ಅನುಮತಿ ಇಲ್ಲದೆ ಅದನ್ನ ಭಾರತದಲ್ಲಿ ಬಳಸೋ ಹಾಗಿಲ್ಲ, ವಿಮಾನ ನಿಲ್ದಾಣದಲ್ಲೇ ಹಿಡೀತಾರೆ.

ಕೊನೇದಾಗಿ, ಸಿಗದಿದ್ರೆ ಸಿಗಲಿಲ್ಲ ಅಂತ ಆ್ಯಪ್‌ನಲ್ಲಿ ದಾಖಲಿಸಿ. ಬಹಳ ಜನ ಅವಮಾನ ಅಂತ ಬಿಟ್ಟುಬಿಡ್ತಾರೆ. ಆದ್ರೆ ಮೂರ್ನಾಲ್ಕು ಜನ ಹಾಗೆ ಬರೆದಾಗಲೇ ಇಟ್ಟವರು ಬಂದು ಡಬ್ಬಿ ಇದೆಯೋ ಕಳುವಾಗಿದೆಯೋ ನೋಡೋದು. ಸಿಕ್ಕಿದ್ರೆ ಬರೀ ಥ್ಯಾಂಕ್ಸ್ ಅಂತ ಹಾಕ್ಬೇಡಿ, ಎರಡು ಸಾಲು ಬರೀರಿ, ಕನ್ನಡದಲ್ಲೇ ಬರೀರಿ. ಇಟ್ಟವರಿಗೆ ಅದು ಇಮೇಲ್‌ನಲ್ಲಿ ಹೋಗುತ್ತೆ, ಅನುವಾದ ಮಾಡಿ ಓದ್ಕೊಳ್ತಾರೆ. ಆದ್ರೆ ಎಲ್ಲಿ ಸಿಕ್ತು ಅನ್ನೋದನ್ನ ಮಾತ್ರ ಬಾಯಿಬಿಡ್ಬೇಡಿ.

[ಪರದೆ: ಮುಂದಿನ ವಿಡಿಯೋ — ಒಗಟಿನ ಡಬ್ಬಿ ಬಿಡಿಸೋದು ಹೇಗೆ]