ಸೆಲ್ಯೂಟ್ ಮತ್ತು ಅದರ ಉತ್ತರ

ಕೇಳುಗರಿಗೆ ನಮಸ್ಕಾರ.

ನಮ್ಮ ಬೀದರ್, ಕಲಬುರಗಿ ಸೀಮೆಯಲ್ಲಿ ಎದುರಾದವರು "ಶರಣು" ಎಂದರೆ "ಶರಣಾರ್ಥಿ" ಎಂದು ಮರುನುಡಿಯುವ ರೂಢಿಯಿದೆ. ಉತ್ತರ ಕೊಡದೆ ಮುಂದೆ ನಡೆದವನನ್ನು ಊರು ಸೊಕ್ಕಿನವನೆಂದೇ ಲೆಕ್ಕ ಹಾಕುತ್ತದೆ. ಭಾಲ್ಕಿ ತಾಲ್ಲೂಕಿನ ಹಳ್ಳಿಯೊಂದರಿಂದ ಹೋಗಿ ಭೂಸೇನೆಗೆ ಸೇರಿ, ಸುಬೇದಾರನಾಗಿ ನಿವೃತ್ತನಾದ ನನಗೆ ಸೈನ್ಯದ ಸೆಲ್ಯೂಟ್ ಅರ್ಥವಾದದ್ದು ಈ ರೂಢಿಯ ಮೂಲಕವೇ. ಕೆಳಗಿನವನು ಮೇಲಿನವನಿಗೆ ಕೈ ಎತ್ತುವುದಷ್ಟೇ ಸೆಲ್ಯೂಟ್ ಎಂದು ಹೊರಗಿನವರು ತಿಳಿದಿರುತ್ತಾರೆ. ಮೇಲಿನವನೂ ಕೈ ಎತ್ತಿ ಉತ್ತರ ಕೊಡಲೇಬೇಕು, ಕೊಡದಿದ್ದರೆ ತಪ್ಪು ಅವನದೇ ಎಂಬುದು ಅವರ ಗಮನಕ್ಕೆ ಬರುವುದಿಲ್ಲ.

ಇದನ್ನು ನಾನು ಕಲಿತದ್ದು ಚಹಾ ಚೆಲ್ಲಿ. ತರಬೇತಿಯ ಮೊದಲ ತಿಂಗಳು, ಎರಡೂ ಕೈಯಲ್ಲಿ ಚಹಾದ ಬಕೆಟ್ ಹಿಡಿದು ಲಂಗರಿನಿಂದ, ಅಂದರೆ ಸೈನಿಕರ ಅಡುಗೆಮನೆಯಿಂದ, ಬರುತ್ತಿದ್ದಾಗ ಅಧಿಕಾರಿಯೊಬ್ಬರು ಎದುರಾದರು. ಗಾಬರಿಯಿಂದ ಬಕೆಟ್‌ಗಳನ್ನು ಧೊಪ್ಪನೆ ನೆಲಕ್ಕಿಟ್ಟು ಸೆಲ್ಯೂಟ್ ಹೊಡೆದೆ. ಚಹಾ ಅವರ ಬೂಟಿನ ಮೇಲೆ ಸಿಡಿಯಿತು. ಅವರು ಮೊದಲು ನನ್ನ ಸೆಲ್ಯೂಟಿಗೆ ಉತ್ತರ ಕೊಟ್ಟು, ಆಮೇಲೆ ಬೂಟು ನೋಡಿಕೊಂಡರು. ಸಂಜೆ ನಮ್ಮ ಉಸ್ತಾದ್, ಅಂದರೆ ಕವಾಯತು ಕಲಿಸುವ ಹವಾಲ್ದಾರರು, ಬೈದು ತಿಳಿಸಿದರು: ಕೈಯಲ್ಲಿ ಹೊರೆಯಿದ್ದರೆ ಸೆಲ್ಯೂಟ್ ಬೇಡ, ನೆಟ್ಟಗಾಗಿ ಮುಖವನ್ನು ಅವರತ್ತ ತಿರುಗಿಸಿ "ಜೈ ಹಿಂದ್ ಸಾಬ್" ಎಂದರೆ ಸಾಕು, ತಲೆಯ ಮೇಲೆ ಟೋಪಿಯಿಲ್ಲದಿದ್ದರೂ ಅಷ್ಟೇ, ಸಾವಧಾನ್ ಭಂಗಿಯಲ್ಲಿ, ಅಂದರೆ ಅಲುಗಾಡದೆ ನೆಟ್ಟಗೆ, ನಿಂತರೆ ಅದೇ ವಂದನೆ.

ಸೆಲ್ಯೂಟ್ ಹೊಡೆಯುವ ಬಗೆ ಮೂರೂ ಪಡೆಗಳಲ್ಲಿ ಒಂದೇ ಅಲ್ಲ. ಭೂಸೇನೆಯವರ ಅಂಗೈ ಎದುರಿನವರಿಗೆ ಪೂರ್ತಿ ಕಾಣುತ್ತದೆ. ಕೈಯಲ್ಲಿ ಆಯುಧವಿಲ್ಲ ಎಂದು ತೋರಿಸುವುದರಿಂದ ಈ ಪದ್ಧತಿ ಬಂತೆಂದು ಹೇಳುತ್ತಾರೆ. ನೌಕಾಪಡೆಯವರ ಅಂಗೈ ನೆಲದ ಕಡೆ ತಿರುಗಿರುತ್ತದೆ. ಹಡಗಿನ ಹಗ್ಗ, ಡಾಂಬರು, ಎಣ್ಣೆಗಳಿಂದ ಕಪ್ಪಾದ ಅಂಗೈಯನ್ನು ಹಿರಿಯರಿಗೆ ತೋರಿಸಬಾರದೆಂಬ ಸಂಕೋಚ ಅದರ ಹಿಂದಿದೆಯಂತೆ. ವಾಯುಪಡೆಯವರು ಮೊದಲು ನಮ್ಮಂತೆಯೇ ಮಾಡುತ್ತಿದ್ದರು, 2006ರಿಂದ ಅಂಗೈಯನ್ನು ನೆಲಕ್ಕೆ 45 ಡಿಗ್ರಿ ಓರೆಯಾಗಿ ಹಿಡಿಯುತ್ತಾರೆ. ಬೀದರಿನವರಿಗೆ ಇದನ್ನು ದೂರ ಹೋಗಿ ನೋಡಬೇಕಾಗಿಲ್ಲ. 1996ರಲ್ಲಿ ಆಗಸದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ ವಿಮಾನ ತಂಡ ಹುಟ್ಟಿದ ವಾಯುನೆಲೆ ನಮ್ಮ ಊರಿನ ಮಗ್ಗುಲಲ್ಲೇ ಇದೆ.

ಇನ್ನು, ಸೆಲ್ಯೂಟ್ ಯಾರಿಗೆ? ಎದುರಿಗಿರುವ ಮನುಷ್ಯನಿಗೆ ಎಂಬುದು ಅರ್ಧ ಉತ್ತರ. ಅಧಿಕಾರಿಯಾದವನು ರಾಷ್ಟ್ರಪತಿಗಳಿಂದ ಕಮಿಷನ್, ಅಂದರೆ ಅಧಿಕಾರಪತ್ರ, ಪಡೆದಿರುತ್ತಾನೆ, ವಂದನೆ ಸಲ್ಲುವುದು ಆ ಕಮಿಷನ್ನಿಗೆ. ಆದ್ದರಿಂದಲೇ ಒಬ್ಬ ಅಧಿಕಾರಿಯ ಸ್ವಭಾವ ನಮಗೆ ಹಿಡಿಸದಿದ್ದರೂ ಕೈ ತಾನಾಗಿ ಏಳುತ್ತಿತ್ತು, ಮನಸ್ಸಿಗೆ ಅವಮಾನವೆನಿಸುತ್ತಿರಲಿಲ್ಲ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿನ ಲೆಫ್ಟಿನೆಂಟ್ ಬಂದಾಗ ತಲೆ ನರೆತ ಸುಬೇದಾರ ಸೆಲ್ಯೂಟ್ ಹೊಡೆಯುತ್ತಾನೆ. ಆ ಹುಡುಗ ಉತ್ತರ ಕೊಟ್ಟು, ತನ್ನ ಕೈಕೆಳಗಿನ ಆ ಹಿರಿಯನನ್ನು "ಸುಬೇದಾರ್ ಸಾಬ್" ಎಂದೇ ಕರೆಯುತ್ತಾನೆ. ಬರೀ ಹೆಸರು ಹಿಡಿದು ಕೂಗುವಂತಿಲ್ಲ. ನಾಯಬ್ ಸುಬೇದಾರ, ಸುಬೇದಾರ, ಸುಬೇದಾರ್ ಮೇಜರ್, ಈ ಮೂವರಿಗೂ "ಸಾಬ್" ಸಲ್ಲುತ್ತದೆ. ನಾಯಬ್ ಸುಬೇದಾರನಿಗೆ 1965ರವರೆಗೆ ಜಮಾದಾರ ಎಂಬ ಹೆಸರಿತ್ತು. ಇದೇ ಜಮಾದಾರ ನಮ್ಮ ಭಾಗದ ಎಷ್ಟೋ ಮನೆತನಗಳ ಅಡ್ಡಹೆಸರೂ ಹೌದು. ಜವಾನ ಎಂಬ ಶಬ್ದದ ಗತಿಯನ್ನೂ ಇಲ್ಲಿ ಹೇಳಬೇಕು. ಗಡಿಯಲ್ಲಿ ಜವಾನ ಎಂದರೆ ಸೈನಿಕ, ನಮ್ಮ ಕಚೇರಿಗಳಲ್ಲಿ ಜವಾನ ಎಂದರೆ ಚಹಾ ತರುವವನು. ನಿವೃತ್ತನಾದ ಮೇಲೆ ಪಿಂಚಣಿಯ ಕಾಗದ ಹಿಡಿದು ಓಡಾಡುವಾಗ, ಅಪ್ಪನ ವಯಸ್ಸಿನ ಜವಾನನನ್ನು ಎಳೆಯ ಗುಮಾಸ್ತ "ಏ, ಬಾ ಇಲ್ಲಿ" ಎಂದು ಕರೆದದ್ದನ್ನು ಕೇಳಿ, ಆ ಲೆಫ್ಟಿನೆಂಟರ "ಸಾಬ್" ನನಗೆ ನೆನಪಾಯಿತು.

ಬಾಯಿಮಾತಿನ ವಂದನೆಯಲ್ಲಿ "ರಾಮ್ ರಾಮ್" ಇದೆ, "ಸತ್ ಶ್ರೀ ಅಕಾಲ್" ಇದೆ, ಗಢವಾಲಿಗಳ "ಜೈ ಬದ್ರಿ ವಿಶಾಲ್" ಇದೆ. ಪಲ್ಟನ್, ಅಂದರೆ ಸೈನ್ಯದ ತುಕಡಿ, ಬದಲಾದಂತೆ ಮಾತೂ ಬದಲಾಗುತ್ತದೆ. ಎಲ್ಲರಿಗೂ ಒಪ್ಪುವುದು "ಜೈ ಹಿಂದ್". ಈ ಎರಡು ಶಬ್ದಗಳನ್ನು ನೇತಾಜಿಯವರ ಸೈನಿಕರಿಗೆ ಕೊಟ್ಟವರೆಂದು ಬಹುಮಂದಿ ಹೆಸರಿಸುವುದು ಹೈದರಾಬಾದಿನ ಆಬಿದ್ ಹಸನ್ ಸಫ್ರಾನಿಯವರನ್ನು. 1943ರಲ್ಲಿ ಜರ್ಮನಿಯಿಂದ ಜಲಾಂತರ್ಗಾಮಿಯಲ್ಲಿ ಹೊರಟ ನೇತಾಜಿಯವರ ಜೊತೆಗಿದ್ದವರೂ ಇವರೇ. ಬೇರೆ ಬೇರೆ ಧರ್ಮದ ಸೈನಿಕರು ತಮ್ಮ ತಮ್ಮ ರೀತಿಯಲ್ಲಿ ವಂದಿಸುತ್ತಿದ್ದಾಗ ಎಲ್ಲರಿಗೂ ಸಲ್ಲುವ ಒಂದು ಮಾತು ಬೇಕಾಗಿತ್ತು. ಆಗ ಬೀದರ್, ಕಲಬುರಗಿಗಳೂ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವಾದ್ದರಿಂದ, ಈ ವಂದನೆಯ ಮೇಲೆ ನಮಗೂ ಒಂದಿಷ್ಟು ಹಕ್ಕಿದೆ ಎಂದು ನಾನು ಗೆಳೆಯರೊಡನೆ ವಾದಿಸುತ್ತಿದ್ದೆ.

ಬಡಾ ಖಾನಾ, ಅಂದರೆ ಪಲ್ಟನ್ನಿನವರೆಲ್ಲ ಸೇರಿ ಉಣ್ಣುವ ಔತಣದ ದಿನ ಅಧಿಕಾರಿಗಳು ಜವಾನರೊಡನೆ ಕೂತು ಉಣ್ಣುತ್ತಾರೆ, ಬಡಿಸುವುದೂ ಉಂಟು. ಮರುದಿನ ಕವಾಯತಿನ ಬಯಲಲ್ಲಿ ಮತ್ತೆ ಅದೇ ಅಂತರ, ಅದೇ ಸೆಲ್ಯೂಟ್.

ಊರಿಗೆ ಮರಳಿದ ಮೇಲೆ ನನಗೊಂದು ತೊಡಕಾಗಿದೆ. ಬೆಳಿಗ್ಗೆ ಸೈಕಲ್ ಏರಿ ಹೊಲಕ್ಕೆ ಹೊರಟರೆ ಶಾಲೆಗೆ ಹೋಗುವ ಮಕ್ಕಳು ಸಾಲಾಗಿ ಸೆಲ್ಯೂಟ್ ಹೊಡೆಯುತ್ತಾರೆ, ಕೆಲವರು ಎಡಗೈಯಲ್ಲಿ. ಸಮವಸ್ತ್ರವೂ ಟೋಪಿಯೂ ಇಲ್ಲದ ನಾನು ಕೈ ಎತ್ತುವಂತಿಲ್ಲ, ಉತ್ತರ ಕೊಡದೆ ಹೋಗುವುದಕ್ಕೂ ಮನಸ್ಸು ಒಪ್ಪುವುದಿಲ್ಲ. ಹೀಗಾಗಿ ಪ್ರತಿ ಗುಂಪಿನ ಎದುರಿಗೂ ಸೈಕಲ್ ಇಳಿದು, ನೆಟ್ಟಗೆ ನಿಂತು "ಜೈ ಹಿಂದ್" ಎನ್ನುತ್ತೇನೆ. ಹೊಲ ಮುಟ್ಟುವುದು ತಡವಾಗುತ್ತದೆಂದು, ಈಗೀಗ ಮನೆಯಿಂದ ಹತ್ತು ನಿಮಿಷ ಮೊದಲೇ ಹೊರಡುತ್ತಿದ್ದೇನೆ.