ಮೆಸ್‌ನವರಿಗೆ ಹೇಳಿ ಬನ್ನಿ

ನಮಸ್ಕಾರ. ವಿಶ್ವವಿದ್ಯಾಲಯದಲ್ಲಿ ಚೀನಾದ ಸಿನಿಮಾ ತೋರಿಸುತ್ತೇವೆ, ಆಮೇಲೆ ಮೇಷ್ಟ್ರು ಮಾತಾಡುತ್ತಾರೆ ಅಂತ ನೋಟಿಸ್ ಹಾಕಿರುತ್ತಾರಲ್ಲ, ಆ ಮೇಷ್ಟ್ರು ಬಹಳ ಸಲ ನಾನೇ. ನನ್ನದು ಒಂದೇ ಮಾತು: ಸಿನಿಮಾ ಮುಗಿದ ತಕ್ಷಣ ಎದ್ದು ಹೋಗಬೇಡಿ.

ಒಂದು ಸಲ ದೆಹಲಿಯಲ್ಲಿ ‘ಯೆಲ್ಲೋ ಅರ್ಥ್’ ಹಾಕಿದ್ದೆವು. ಚೆನ್ ಕೈಗೆ ಅನ್ನೋ ನಿರ್ದೇಶಕರು 1984ರಲ್ಲಿ ಮಾಡಿದ್ದು. ಕ್ಯಾಮೆರಾ ಝಾಂಗ್ ಯಿಮೋ ಅವರದು, ಮುಂದೆ ಅವರೇ ದೊಡ್ಡ ನಿರ್ದೇಶಕರಾದರು. ಹಾಲ್ ತುಂಬಿತ್ತು. ಅರ್ಧ ಜನ ಕುಂಗ್‌ಫೂ ಇರುತ್ತೆ ಅಂತ ಬಂದವರು, ಪಾಪ. ಇಲ್ಲಿ ನೋಡಿದರೆ ಬರೀ ಒಣ ಹಳದಿ ಗುಡ್ಡ. 1939ರ ಕಥೆ, ಜನಪದ ಹಾಡು ಸಂಗ್ರಹಿಸೋಕೆ ಒಬ್ಬ ಸೈನಿಕ ಉತ್ತರ ಶಾನ್‌ಷಿಯ ಹಳ್ಳಿಗೆ ಬರುತ್ತಾನೆ, ಅಲ್ಲೊಂದು ಮದುವೆ ಊಟ, ಬಡಿಸಿದ ಮೀನು ನೋಡಿದರೆ ಮರದ್ದು! ಹಾಲ್‌ನಲ್ಲಿ ಗೊಳ್ಳೆಂದು ನಗು. ಕೊನೆಗೆ ಲೈಟ್ ಹತ್ತಿದ್ದೇ ತಡ, ಮೆಸ್ ಮುಚ್ಚುತ್ತೆ ಅಂತ ಮುಕ್ಕಾಲು ಹಾಲ್ ಖಾಲಿ.

ಉಳಿದವರಲ್ಲಿ ಪ್ರೊಜೆಕ್ಟರ್ ನೋಡಿಕೊಳ್ಳುವ ಅಟೆಂಡರ್ ಕೇಳಿದ, ‘ಸಾಹೇಬ್ರೇ, ತಿನ್ನೋಕಾಗದ ಮೀನು ಯಾಕೆ ಬಡಿಸ್ತಾರೆ?’

ಪ್ರಶ್ನೆ ಅಂದ್ರೆ ಇದು! ಮೀನಿಗೆ ಚೀನೀ ಭಾಷೆಯಲ್ಲಿ ‘ಯೂ’. ಮಿಕ್ಕಿದ್ದು, ಉಳಿದದ್ದು ಅನ್ನೋದಕ್ಕೂ ‘ಯೂ’. ಉಚ್ಚಾರ ಒಂದೇ, ಬರೆಯೋ ಅಕ್ಷರ ಬೇರೆ. ತಟ್ಟೆಯಲ್ಲಿ ಮೀನಿದ್ದರೆ ಮನೆಯಲ್ಲಿ ಉಂಡು ಮಿಕ್ಕುವಷ್ಟು ಇರಲಿ ಅನ್ನೋ ಹಾರೈಕೆ. ಅದಕ್ಕೇ ಹಬ್ಬದೂಟಕ್ಕೆ ಮೀನು ಬೇಕು. ಹೊಸ ವರ್ಷದ ಹಿಂದಿನ ರಾತ್ರಿ ಎಷ್ಟೋ ಮನೆಗಳಲ್ಲಿ ಮೀನನ್ನು ಪೂರ್ತಿ ತಿನ್ನದೆ ಸ್ವಲ್ಪ ಉಳಿಸುತ್ತಾರೆ. ಆದರೆ ಕುಡಿಯೋ ನೀರಿಗೇ ಸಿನಿಮಾದ ಹುಡುಗಿ ಮೈಲಿಗಟ್ಟಲೆ ನಡೆಯುವ ಆ ಊರಲ್ಲಿ ಮೀನು ಎಲ್ಲಿಂದ ತರೋದು? ಮನೆಯಲ್ಲಿ ಏನೂ ಇಲ್ಲದಿದ್ದರೂ ತಟ್ಟೆಯಲ್ಲಿ ‘ಯೂ’ ಇರಬೇಕು, ಅಲ್ವಾ?

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಆ ಭಾಗ ಇನ್ನೊಂದ್ಸಲ ಹಾಕ್ಲಾ?’ ಅಂದ. ಹಾಕಿದ. ಈ ಸಲ ಯಾರೂ ನಗಲಿಲ್ಲ.

ಎದ್ದು ಹೋದವರು ಹಾಸ್ಟೆಲ್‌ನಲ್ಲಿ ಏನು ಹೇಳಿರುತ್ತಾರೆ? ಚೀನಾದವರು ಮರ ತಿಂತಾರೆ ಅಂತ. ಅದಕ್ಕೇ ಬಡ್ಕೊಳ್ಳೋದು, ಕೂತಿರಿ ಅಂತ.

ಸ್ಟುಡಿಯೋದ ಗಾಜಿನಾಚೆಯಿಂದ ಟೈಮ್ ಆಯ್ತು ಅಂತ ಕೈ ತೋರಿಸುತ್ತಿದ್ದಾರೆ. ಶಾಂತಿನಿಕೇತನದಲ್ಲಿ 1937ರಲ್ಲೇ ಶುರುವಾದ ಚೀನಾ ಭವನದ ಬಗ್ಗೆ ಹೇಳಬೇಕಿತ್ತು. ಹ್ಯೂಯೆನ್ ತ್ಸಾಂಗ್ ನಮ್ಮ ಇಮ್ಮಡಿ ಪುಲಕೇಶಿಯ ಸೈನ್ಯದ ಬಗ್ಗೆ ಬರೆದದ್ದು, ಯುದ್ಧಕ್ಕೆ ಮುಂಚೆ ಆನೆಗಳಿಗೂ ಹೆಂಡ ಕುಡಿಸುತ್ತಿದ್ದರಂತೆ, ಅದಂತೂ ಒಂದು ಗಂಟೆಯ ಮಾತು. ಹೋಗಲಿ. ಮುಂದಿನ ಸಲ ಅಂಥ ನೋಟಿಸ್ ಕಂಡರೆ, ಮೆಸ್‌ನವರಿಗೆ ಒಂದು ತಟ್ಟೆ ಎತ್ತಿಡಿ ಅಂತ ಹೇಳಿ ಬನ್ನಿ. ನಮಸ್ಕಾರ.