ಊಟಕ್ಕೂ ಟೀಗೂ ನಡುವೆ ಒಂದು ಗಂಟೆ

ಆಶಾ ಕಾರ್ಯಕರ್ತೆಯರೇ, ಅಂಗನವಾಡಿ ಟೀಚರುಗಳೇ, ಎಲ್ಲರಿಗೂ ನಮಸ್ಕಾರ.

ಟೀ ಒಳ್ಳೆಯದೋ ಕೆಟ್ಟದ್ದೋ ಎಂದು ಮನೆ ಭೇಟಿಗೆ ಹೋದಾಗ ಜನ ನಿಮ್ಮನ್ನು ಕೇಳುತ್ತಾರೆ. ಆರೋಗ್ಯವಾಗಿರುವ ದೊಡ್ಡವರು ದಿನಕ್ಕೆ ಎರಡು ಮೂರು ಲೋಟ ಕುಡಿದರೆ ಹೆದರುವಂಥದ್ದೇನೂ ಇಲ್ಲ. ಬ್ರಿಟನ್ನಿನಲ್ಲಿ ಸುಮಾರು 5 ಲಕ್ಷ ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ದಿನಕ್ಕೆ ಎರಡು ಕಪ್ಪೋ ಅದಕ್ಕಿಂತ ಹೆಚ್ಚೋ ಟೀ ಕುಡಿಯುವವರಲ್ಲಿ ಸಾವಿನ ಅಪಾಯ, ಕುಡಿಯದವರಿಗಿಂತ ಶೇ. 9ರಿಂದ 13ರಷ್ಟು ಕಡಿಮೆ ಕಂಡಿತ್ತು. ಅದು ಟೀಯಿಂದಲೇ ಆಯಿತೆಂದು ಇಂಥ ಅಧ್ಯಯನ ಸಾಬೀತು ಮಾಡುವುದಿಲ್ಲ. ಟೀ ವಿಷವಲ್ಲ ಎಂಬಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಹುದು.

ಆದರೆ ನಮ್ಮ ಹೆಣ್ಣುಮಕ್ಕಳ ತಟ್ಟೆ ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ. ಮಾಂಸದಲ್ಲಿರುವ ಕಬ್ಬಿಣಾಂಶದಲ್ಲಿ ಒಂದು ಭಾಗವನ್ನು ದೇಹ ಸುಲಭವಾಗಿ ಹೀರುತ್ತದೆ. ಸೊಪ್ಪು, ಕಾಳು, ರಾಗಿಯಲ್ಲಿರುವುದು ಹಾಗಲ್ಲ. ಅದರಲ್ಲಿ ರಕ್ತಕ್ಕೆ ಸೇರುವುದೇ ಸ್ವಲ್ಪ. ಟೀ ಅಡ್ಡ ಬರುವುದು ಈ ಸ್ವಲ್ಪಕ್ಕೇ. ಟೀಗೆ ಒಗರು ಕೊಡುವ ಪಾಲಿಫಿನಾಲುಗಳು ಕರುಳಿನಲ್ಲಿ ಕಬ್ಬಿಣವನ್ನು ಹಿಡಿದು ಕರಗದ ಗಂಟಾಗಿಸುತ್ತವೆ, ಅದು ಮಲದ ಜೊತೆ ಹೊರಗೆ ಹೋಗುತ್ತದೆ. ಊಟದ ಜೊತೆಗೇ ಕುಡಿದ ಒಂದು ಲೋಟ ಕಡಕ್ ಟೀ ಆ ಊಟದ ಕಬ್ಬಿಣದ ಹೀರಿಕೆಯನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಬಲ್ಲದು.

ತಾಯಂದಿರ ಸಭೆಯಲ್ಲಿ ಇದನ್ನು ಮಾಡಿ ತೋರಿಸಿ. ಹಾಲು, ಸಕ್ಕರೆ ಹಾಕದ ಟೀ ಡಿಕಾಕ್ಷನ್ನನ್ನು ಗಾಜಿನ ಲೋಟದಲ್ಲಿ ಅರ್ಧ ತೆಗೆದುಕೊಳ್ಳಿ. ಅವಧಿ ಮೀರಿದ ಒಂದು ಕಬ್ಬಿಣದ ಮಾತ್ರೆಯ ಮೇಲಿನ ಬಣ್ಣದ ಪದರ ತೊಳೆದು, ಪುಡಿ ಮಾಡಿ ಹಾಕಿ ಕಲಕಿ. ಕೆಲವೇ ನಿಮಿಷದಲ್ಲಿ ಕೆಂಪು ಡಿಕಾಕ್ಷನ್ ಶಾಯಿಯ ಹಾಗೆ ಕಪ್ಪಾಗುತ್ತದೆ. ಹೊಟ್ಟೆಯಲ್ಲಿ ಕಬ್ಬಿಣ ಹೇಗೆ ಕೈತಪ್ಪುತ್ತದೆ ಎಂದು ಆಮೇಲೆ ವಿವರಿಸುವುದು ಸುಲಭ. ಆ ಲೋಟವನ್ನು ಯಾರೂ ಕುಡಿಯದಂತೆ ತಕ್ಷಣ ಚೆಲ್ಲಿಬಿಡಿ.

ಹಾಲು ಹಾಕಿದರೆ ದೋಷ ಹೋಗುತ್ತದೆ ಎಂಬ ಮಾತಿದೆ. ಹೋಗುವುದಿಲ್ಲ. ಗ್ರೀನ್ ಟೀಗೆ ಬದಲಾಯಿಸಿದರೂ ಅದೇ ಕಥೆ. ಪರಿಹಾರ ಇರುವುದು ಗಡಿಯಾರದಲ್ಲಿ: ಊಟಕ್ಕೆ ಒಂದು ಗಂಟೆ ಮೊದಲು, ಊಟವಾದ ಮೇಲೆ ಒಂದು ಗಂಟೆ, ಟೀ ಕಾಫಿ ಬೇಡ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಎಂಟೂವರೆಗೆ ತಿಂಡಿ ತಿನ್ನುವ ಮನೆಯಲ್ಲಿ ಏಳು ಗಂಟೆಗೆ ಒಂದು ಟೀ, ಆಮೇಲೆ ಸಂಜೆ ನಾಲ್ಕಕ್ಕೆ ಇನ್ನೊಂದು; ಇದು ನಡೆಯುವ ಮಾತು. ಉಪ್ಪಿಟ್ಟು, ಅವಲಕ್ಕಿಯ ಪಕ್ಕದಲ್ಲಿ ಇಡುವ ಲೋಟವನ್ನು ತಪ್ಪಿಸುವುದೇ ಕಷ್ಟ, ಒತ್ತಿ ಹೇಳಬೇಕಾದದ್ದೂ ಅದನ್ನೇ. ಆ ಜಾಗಕ್ಕೆ ನಿಂಬೆಹಣ್ಣಿನ ಪಾನಕ ಕೊಡಿ, ಸಕ್ಕರೆ ಕಡಿಮೆ ಇರಲಿ. ಇಲ್ಲವೇ ಒಂದು ಸೀಬೆಹಣ್ಣು, ನೆಲ್ಲಿಕಾಯಿ ಚಟ್ನಿ ಆಗಬಹುದು. ಇವುಗಳ ಸಿ ವಿಟಮಿನ್ ಕಬ್ಬಿಣದ ಹೀರಿಕೆಯನ್ನು ಹೆಚ್ಚಿಸುತ್ತದೆ. ಕುದಿಸಿದರೆ ಅದು ಕಡಿಮೆಯಾಗುವುದರಿಂದ ಬಸ್ಸಾರಿಗೆ, ಪಲ್ಯಕ್ಕೆ ನಿಂಬೆ ಹಿಂಡುವುದು ಒಲೆಯಿಂದ ಇಳಿಸಿದ ಮೇಲೆ.

ಗರ್ಭಿಣಿಯರ ವಿಷಯದಲ್ಲಿ ಸಲುಗೆ ಬೇಡ. 180 ದಿನ ದಿನವೂ ನುಂಗುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದೆ. ವಾಕರಿಕೆ ಬರುತ್ತದೆಂದು ಅದನ್ನು ಟೀ ಜೊತೆ ನುಂಗಿದರೆ ಬಹುಪಾಲು ವ್ಯರ್ಥ. ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿಗೆ ನೀರಿನಲ್ಲಿ ನುಂಗಲಿ. ವಾಕರಿಕೆಯೂ ಕಡಿಮೆ, ಆ ಹೊತ್ತಿಗೆ ಟೀ ಕಾಟವೂ ಇರುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನೂ ಇದರ ಜೊತೆ ಸೇರಿಸಬಾರದು. ಇನ್ನು ಕೆಫೀನ್. 150 ಮಿಲಿ ಟೀಯಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ, ಫಿಲ್ಟರ್ ಕಾಫಿಯಲ್ಲಿ ಇನ್ನೂ ಹೆಚ್ಚು. ಗರ್ಭಿಣಿ ದಿನಕ್ಕೆ 200 ಮಿಲಿಗ್ರಾಂ ದಾಟದಿರುವುದು ಕ್ಷೇಮ. ಕಾಫಿಯನ್ನೂ ಲೆಕ್ಕಕ್ಕೆ ಹಿಡಿದು ಎರಡು ಸಣ್ಣ ಲೋಟಕ್ಕೆ ನಿಲ್ಲಿಸಿ ಎಂದೇ ಹೇಳಿ.

ಎರಡು ವರ್ಷದೊಳಗಿನ ಮಗುವಿಗೆ ಟೀಯಲ್ಲಿ ಬಿಸ್ಕತ್ತು ಅದ್ದಿ ತಿನ್ನಿಸುವುದನ್ನು ನೋಡಿದರೆ ದಯವಿಟ್ಟು ಸುಮ್ಮನಿರಬೇಡಿ. ಮಗುವಿನ ಪುಟ್ಟ ಹೊಟ್ಟೆ ಅದರಲ್ಲೇ ತುಂಬಿ, ಊಟ ಹಿಂದೆ ಬೀಳುತ್ತದೆ.

ಕೂಲಿಗೆ ಹೋಗುವವರು ಹಸಿವು ತಡೆಯಲು ಟೀ ಕುಡಿಯುತ್ತಾರೆ, ಇದು ನನ್ನನ್ನು ಬಹಳ ಕಾಡುವ ವಿಷಯ. ಲೋಟಕ್ಕೆ ಎರಡು ಚಮಚ ಸಕ್ಕರೆಯಂತೆ ನಾಲ್ಕು ಲೋಟವಾದರೆ ಸುಮಾರು 40 ಗ್ರಾಂ ಸಕ್ಕರೆ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಸಲ ಟೀ ಬಿಟ್ಟರೆ ಮಾರನೆಯ ದಿನವೇ ತಲೆನೋವು ಹಿಡಿಯುತ್ತದೆ, ಅದಕ್ಕೇ ಜನ ಮತ್ತೆ ಶುರು ಮಾಡುತ್ತಾರೆ. ವಾರಕ್ಕೊಂದು ಲೋಟ ಕಡಿಮೆ ಮಾಡುತ್ತ ಬರಲಿ.

ಒಲೆಯಿಂದ ಇಳಿಸಿದ್ದನ್ನು ಹಾಗೇ ಗಂಟಲಿಗೆ ಸುರಿದುಕೊಳ್ಳುವವರಿಗೂ ಒಂದು ಮಾತು. 65 ಡಿಗ್ರಿಗಿಂತ ಬಿಸಿಯಾದ ಪಾನೀಯ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಹೇಳಿದೆ. ಕಾರಣ ಬಿಸಿ, ಟೀ ಸೊಪ್ಪಲ್ಲ. ಎರಡು ಲೋಟದಲ್ಲಿ ನಾಲ್ಕೈದು ಸಲ ಎತ್ತಿ ಹೊಯ್ದು ಕುಡಿಯಲಿ.

ಪಾವಗಡ, ಕೋಲಾರದ ಕಡೆಯವರಿಗೆ ಇನ್ನೊಂದು ಎಚ್ಚರಿಕೆ. ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡನ್ನು ಟೀ ಗಿಡ ಮಣ್ಣಿನಿಂದ ಹೀರಿ ಎಲೆಯಲ್ಲಿ ಕೂಡಿಡುತ್ತದೆ. ಫ್ಲೋರೈಡ್ ಇರುವ ಬೋರ್‌ವೆಲ್ ನೀರಿನಲ್ಲೇ ಟೀ ಕಾಯಿಸಿದರೆ ಎರಡೂ ಸೇರುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ. ಟೀಗೂ ಶುದ್ಧ ನೀರಿನ ಘಟಕದ ನೀರೇ ಬೇಕು.

ಕೊನೆಯದಾಗಿ ತಾಯಿ ಕಾರ್ಡ್. ಗರ್ಭಿಣಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದು, ಒಂದು ತಿಂಗಳು ಮಾತ್ರೆ ಕೊಟ್ಟರೂ ಏರದಿದ್ದರೆ "ಮಾತ್ರೆ ನುಂಗ್ತಿದೀಯೇನಮ್ಮಾ?" ಎಂದು ಕೇಳಿ ಬಿಡಬೇಡಿ. ಯಾವ ಹೊತ್ತಿಗೆ, ಯಾವುದರ ಜೊತೆ, ಅದರ ಹಿಂದೆ ಮುಂದೆ ಏನು ಕುಡಿದೆ ಎಂದು ಕೇಳಿ ಬರೆದುಕೊಳ್ಳಿ. ಸಮಯ ಸರಿಯಾಗಿದ್ದೂ ಏರದಿದ್ದರೆ ಕಾರಣ ಬೇರೆ ಇರುತ್ತದೆ. ಆ ಚೀಟಿಯ ಜೊತೆಗೇ ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಹತ್ತಿರ ಕಳಿಸಿ.